ಪಟದಲ್ಲಿ ಇರುವವರೇ ಶಾಲು ಹೊದಿಸ್ಲಿಕ್ಕೆ ಬರ್ತಾರಂತೆ. ಹೋಗುದಾ, ಬಿಡುದಾ?

ಗೆರೆಗಾರ್ತಿ | ಸೋಮವಾರ ರಾತ್ರಿ 9.40
ನಮಸ್ಕಾರ. ನಾನು ಕಾಸರಗೋಡಿನ ಬದಿಯಡ್ಕದ ಆಚೀಚೆಯವಳು. ಚಿತ್ರ ಬಿಡಿಸಿ ಅನ್ನ ತಿನ್ನುವವಳು. ಮಕ್ಕಳ ಕಥೆ, ಯಕ್ಷಗಾನದ ಕರಪತ್ರ, ಬ್ರಹ್ಮಕಲಶದ ಫ್ಲೆಕ್ಸು, ಮದುವೆ ಕಾಗದದ ಗಣಪತಿ, ಎಂತ ಕೊಟ್ಟರೂ ಆಗ್ತದೆ. ಮೊನ್ನೆ ಒಂದು ರಾಜಕೀಯ ವ್ಯಂಗ್ಯಚಿತ್ರ ಸ್ಪರ್ಧೆಯಲ್ಲಿ ನನ್ನದೊಂದಕ್ಕೆ ತೀರ್ಪುಗಾರರ ವಿಶೇಷ ಮೆಚ್ಚುಗೆ ಬಂತು. ಒಂದನೇದು ಎರಡನೇದು ಅಲ್ಲ, ಬರೀ ಪ್ರಮಾಣಪತ್ರ. ಆದ್ರೂ ಅಮ್ಮ ಅದನ್ನು ದೇವರ ಕೋಣೆಯಲ್ಲಿ ಇಟ್ಟಿದ್ದಾರೆ.

ಚಿತ್ರ ಇಷ್ಟೇ. ಸರಕಾರಿ ಆಫೀಸಿನ ಕಿಟಿಕಿ. ಹೊರಗೆ ಒಬ್ಬಳು ಅಜ್ಜಿ, ಕೈಯಲ್ಲಿ ಅಜ್ಜಿಗಿಂತ ಉದ್ದದ ಫಾರ್ಮು, ನೆಲದಲ್ಲಿ ಸುರುಳಿ ಸುತ್ತಿಕೊಂಡಿದೆ. ಒಳಗೆ ಮೇಜಿಗೆ ದಾರ ಕಟ್ಟಿದ ಪೆನ್ನು. ದಾರ ಗಿಡ್ಡ, ಕಿಟಿಕಿಗೆ ಒಂದು ಗೇಣು ಸಾಲುವುದಿಲ್ಲ. ಗೋಡೆಯಲ್ಲಿ ನಾಯಕರ ಪಟ. ಪಟದ ಹಾರ ಮಾತ್ರ ಕಪಾಟು ಇಳಿದು, ಫ್ಯಾನಿಗೆ ಸುತ್ತಿ, ಮೇಜಿನ ಕಾಲಿನ ತನಕ ಬಂದಿದೆ. ಅಕ್ಷರ ಒಂದೂ ಇಲ್ಲ. ಮೊದಲು ಕೆಳಗೆ 'ಹಾರ ಉದ್ದ, ದಾರ ಗಿಡ್ಡ' ಅಂತ ಬರೆದಿದ್ದೆ. ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಆ ಪ್ರಾಸ ಕೂರಲಿಲ್ಲ, ಕಳಿಸುವಾಗ ಅಳಿಸಿದೆ.

ಈಗ ಸಮಸ್ಯೆ. ಊರಿನ ಕ್ಲಬ್ಬಿನವರು ಆದಿತ್ಯವಾರ ಸನ್ಮಾನ ಅಂತ ಹೇಳಿದ್ರು. ಆಮಂತ್ರಣ ಪತ್ರಿಕೆ ಬಂತು. ಅಧ್ಯಕ್ಷತೆಗೆ ಯಾರು ಅಂತ ನೋಡಿದ್ರೆ, ನಾನು ಆ ಪಟದಲ್ಲಿ ಯಾರ ಮುಖ ಇಟ್ಟಿದ್ದೇನೋ ಅವರೇ! ಮರುದಿನ ಫೋನು: "ಆ ಚಿತ್ರ ಬೇಡ, ಬೇರೆ ಯಾವುದಾದ್ರೂ ಚಂದದ್ದು, ಒಂದು ಬೇಕಲ ಕೋಟೆಯದ್ದೋ ತೆಯ್ಯದ್ದೋ ಫ್ರೇಮ್ ಹಾಕಿಸಿ ತನ್ನಿ." ನಾನು ಹೋಗುದಾ? ಹೋದ್ರೆ ಯಾವ ಚಿತ್ರ ತಕೊಂಡು ಹೋಗುದು?

ಕುಂಬಳೆಯ ಕಾಗೆ | ಸೋಮವಾರ 9.52
ಮೊದಲು ಅಭಿನಂದನೆ. ಎರಡನೇದು, ಬದುಕಿ ಇರುವವರ ಪಟಕ್ಕೆ ಹಾರ ಹಾಕಿದ್ದೀರಾ ಮಾರಾಯ್ರೆ?!

ಗೆರೆಗಾರ್ತಿ | ಸೋಮವಾರ 9.55
ಅಯ್ಯೋ ದೇವರೇ. ಅದು ನನಗೆ ಹೊಳೆದೇ ಇಲ್ಲ.

ನೀರ್ಚಾಲು ನಿಲ್ದಾಣ | ಸೋಮವಾರ 10.03
ಹ್ಹಹ್ಹಹ್ಹ. ತೀರ್ಪುಗಾರರು ಅದನ್ನೇ ಮೆಚ್ಚಿರಬೇಕು.

ಜಯನಗರ ನಾಲ್ಕನೇ ಬ್ಲಾಕ್ | ಸೋಮವಾರ 10.20
ಅಭಿನಂದನೆಗಳು ಮೇಡಂ. ಕೇರಳದಲ್ಲಿದ್ದುಕೊಂಡು ಇಷ್ಟು ಚೆನ್ನಾಗಿ ಕನ್ನಡ ಬರೀತೀರಲ್ಲ, ಖುಷಿಯಾಯ್ತು. ಎಲ್ಲಿ ಕಲಿತಿರಿ?

ಕುಂಬಳೆಯ ಕಾಗೆ | ಸೋಮವಾರ 10.22
ಬಂತು ನೋಡಿ. ಸ್ವಾಮೀ, ಯಕ್ಷಗಾನದ ಕವಿ ಪಾರ್ತಿಸುಬ್ಬ ನಮ್ಮ ಕುಂಬಳೆಯವ, ಗೋವಿಂದ ಪೈ ಮಂಜೇಶ್ವರದವರು. 1956ರ ನವೆಂಬರ್ 1ಕ್ಕೆ ನಾವು ಎಲ್ಲಿಗೂ ಹೋಗಲಿಲ್ಲ, ಗೆರೆ ಬಂದದ್ದು. ನಿಮ್ಮನ್ನು ನಾವು ಕೇಳ್ತೇವಾ ಎಲ್ಲಿ ಕಲಿತಿರಿ ಅಂತ?

ಜಯನಗರ ನಾಲ್ಕನೇ ಬ್ಲಾಕ್ | ಸೋಮವಾರ 10.31
ಸರ್, ಹೊಗಳಿದ್ದು ನಾನು. ಬೈಸಿಕೊಂಡಿದ್ದೂ ನಾನೇ. ಸರಿ, ತಪ್ಪಾಯ್ತು.

ಹಳೇ ನಿಬ್ಬು | ಸೋಮವಾರ 11.10
ಉಪ್ಪಳದವ ನಾನು, ಒಂದು ಪತ್ರಿಕೆಯ ಕಲಾ ವಿಭಾಗದಲ್ಲಿ ಹತ್ತಿಪ್ಪತ್ತು ವರ್ಷ ಕೂತವ. ಚಿತ್ರ ನೋಡಿದೆ (ಇವರ ಪುಟದಲ್ಲಿ ಉಂಟು). ಐಡಿಯಾ ಒಂದನೇ ದರ್ಜೆ. ಆ ಪೆನ್ನಿನ ದಾರದಲ್ಲಿ ಮೂರು ಗಂಟು ಹಾಕಿದ್ದಾರೆ, ಅಂದರೆ ಮೊದಲೇ ಗಿಡ್ಡ ಇದ್ದ ದಾರವನ್ನು ಗಂಟು ಹಾಕಿ ಇನ್ನೂ ಗಿಡ್ಡ ಮಾಡಿದ್ದು. ಅದು ನೋಡಿ ನಾನು ಒಬ್ಬನೇ ನಕ್ಕೆ. ಅಂಥದ್ದು ಕಲಿಸಿ ಬರುವುದಲ್ಲ.

ಆದರೆ ಒಂದು ಮಾತು, ಬೇಸರ ಮಾಡಬೇಡಿ. ಪಟದ ಮುಖ ಯಾರದ್ದು ಅಂತ ನನಗೆ ಗೊತ್ತಾಗಲಿಲ್ಲ. ನೀವು ಇಲ್ಲಿ ಬರೆದ ಮೇಲೂ ಮೂರು ಜನರ ಮೇಲೆ ಅನುಮಾನ. ದಪ್ಪ ಮೀಸೆ, ಹಣೆಗೆ ಕುಂಕುಮ, ಬಿಳಿ ಅಂಗಿ: ಈ ಲೆಕ್ಕದಲ್ಲಿ ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯ ತನಕ ಅರ್ಧ ಜಿಲ್ಲೆ ಆ ಪಟದಲ್ಲಿ ಉಂಟು. ಕಥೆಗೆ ಚಿತ್ರ ಬಿಡಿಸಿ ರೂಢಿಯಾದ ಕೈ ಮುಖವನ್ನು ಚಂದ ಮಾಡ್ತದೆ. ವ್ಯಂಗ್ಯಚಿತ್ರದ ಕೈ ಮುಖದಲ್ಲಿ ಒಂದೇ ಒಂದು ಜಾಗ ಹುಡುಕಿ ಅಲ್ಲೇ ಕೂರ್ತದೆ. ಮೀಸೆ ನೋಡಬೇಡಿ, ಕಿವಿ ನೋಡಿ. ಮೀಸೆ ಯಾರೂ ಬಿಡಬಹುದು.

ನೀರ್ಚಾಲು ನಿಲ್ದಾಣ | ಸೋಮವಾರ 11.18
ಗೊತ್ತಾಗದಿದ್ರೆ ಒಳ್ಳೆಯದಾಯ್ತಲ್ಲ. ಧೈರ್ಯವಾಗಿ ತಕೊಂಡು ಹೋಗಿ.

ಮುಳ್ಳೇರಿಯ ಮೇಷ್ಟ್ರು | ಮಂಗಳವಾರ ಬೆಳಿಗ್ಗೆ 6.15
ಹಳೇ ನಿಬ್ಬಿನವರು 'ಕಥೆಗೆ ಚಿತ್ರ ಬಿಡಿಸುವವರು ಬೇರೆ, ವ್ಯಂಗ್ಯಚಿತ್ರಕಾರರು ಬೇರೆ' ಅಂತ ಗೋಡೆ ಕಟ್ಟಬಾರದು. ಆರ್.ಕೆ. ಲಕ್ಷ್ಮಣ್ ಮೈಸೂರಿನಲ್ಲಿ ಓದುವಾಗ ಅಣ್ಣ ಆರ್.ಕೆ. ನಾರಾಯಣರ ಕಥೆಗಳಿಗೂ ಕೊರವಂಜಿ ಹಾಸ್ಯಪತ್ರಿಕೆಗೂ ಚಿತ್ರ ಬಿಡಿಸುತ್ತಿದ್ದವರೇ. 1942ರಲ್ಲಿ ರಾಶಿಯವರು ಕೊರವಂಜಿ ಶುರು ಮಾಡಿದ್ದು, ನಮ್ಮ ಅಪ್ಪನ ಪೆಟ್ಟಿಗೆಯಲ್ಲಿ ಕೆಲವು ಸಂಚಿಕೆ ಗೆದ್ದಲು ತಿಂದು ಉಳಿದದ್ದು ಇತ್ತು. ಬೊಂಬಾಯಿಯ ಜೆ.ಜೆ. ಕಲಾಶಾಲೆ ಲಕ್ಷ್ಮಣ್‌ರಿಗೆ ಸೀಟೇ ಕೊಡಲಿಲ್ಲ, ಅಷ್ಟು ಪ್ರತಿಭೆ ಸಾಲದು ಅಂತ. ಹಾಗಾಗಿ ಯಾರು ಯಾವ ಜಾತಿಯ ಕಲಾವಿದ ಅಂತ ಮೊದಲೇ ಹೇಳಲಿಕ್ಕೆ ಬರುವುದಿಲ್ಲ.

ಇನ್ನು ಆ ಫಾರ್ಮು. ಅದರಲ್ಲಿ ಅಕ್ಷರ ಇಲ್ಲದೆ ಬರೀ ಗೆರೆ ಎಳೆದದ್ದು ಸರಿಯಾಯಿತು. ಯಾಕೆಂದರೆ ನಮ್ಮಲ್ಲಿ ಫಾರ್ಮಿನ ಅಕ್ಷರವೇ ದೊಡ್ಡ ಕಥೆ. 1969ರ ಕೇರಳ ಆಡಳಿತ ಭಾಷಾ ಕಾಯಿದೆಯಲ್ಲಿ ತಮಿಳು, ಕನ್ನಡ ಅಲ್ಪಸಂಖ್ಯಾತರು ಸರಕಾರಕ್ಕೆ ತಮ್ಮ ಭಾಷೆಯಲ್ಲೇ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಅಂತ ಉಂಟು. ಕಿಟಿಕಿಯಲ್ಲಿ ಅದನ್ನು ಹೇಳಿ ನೋಡಿ. ನಾನು ಹೇಳಿದ್ದೇನೆ. "ಮಾಷೇ, ನಾಳೆ ಬನ್ನಿ" ಅಂದರು, ಚಂದದ ಕನ್ನಡದಲ್ಲೇ.

ಸೊಲ್ಲಾಪುರ ಚಾದರ | ಮಂಗಳವಾರ 8.05
ಅಕ್ಕಾರ, ಅಭಿನಂದನೆ ರೀ. ನಾವು ಅಕ್ಕಲಕೋಟಿ ಕಡೆಯವ್ರು. ನಮ್ಮ ಕಿಟಕ್ಯಾಗೂ ಪೆನ್ನಿಗೆ ದಾರ ಐತಿ, ಆದ್ರ ರೀಫಿಲ್ ಇರಾಂಗಿಲ್ಲ!

ಒಂದು ಮಾತು ಹೇಳ್ತೀನಿ. ವ್ಯಂಗ್ಯಚಿತ್ರ ಬರೇ ನಗೀ ಅಂತ ತಿಳ್ಕೊಂಡವ್ರಿಗೆ ನಮ್ಮ ಕಡೆ ಬಂದು ನೋಡ್ರಿ ಅಂತೀನಿ. ಬಾಳ ಠಾಕರೆ ಮೊದಲ ಫ್ರೀ ಪ್ರೆಸ್ ಜರ್ನಲ್‌ದಾಗ ಕಾರ್ಟೂನ್ ತಗೀತಿದ್ರು, ಲಕ್ಷ್ಮಣ್ ಅವರ ಜೋಡಿನೇ. 1960ರಾಗ 'ಮಾರ್ಮಿಕ' ಅಂತ ಕಾರ್ಟೂನ್ ವಾರಪತ್ರಿಕೆ, 1966ರಾಗ ಶಿವಸೇನಾ ಪಕ್ಷ, 1969ರಾಗ ಬೆಳಗಾವಿ ಸಲುವಾಗಿ ಮುಂಬೈ ಹೊತ್ತಿ ಉರೀತು. ಬ್ರಶ್ ಹಿಡಿದ ಕೈನ ಗಡಿ ತಂಟೆ ಹಿಡೀತು ನೋಡ್ರಿ. ನಮ್ಮಪ್ಪ ಹೇಳ್ತಿದ್ದ, ಆಗ ಅಂಗಡಿ ಬೋರ್ಡಿನ ಮ್ಯಾಲಿನ ಕನ್ನಡಕ್ಕ ರಾತ್ರೋರಾತ್ರಿ ಸುಣ್ಣಾ ಬಳದಿದ್ರಂತ. ಸುಣ್ಣಾ ಬಳದಾಂವನೂ ಕನ್ನಡದಾಂವನ, ನಮ್ಮ ಓಣ್ಯಾಗಿನ ಪೇಂಟರ್. ಯಾಕಂದ್ರ ಊರಾಗ ಇದ್ದಾಂವ ಅಂವ ಒಬ್ಬನೇ!

ಕುಂಬಳೆಯ ಕಾಗೆ | ಮಂಗಳವಾರ 8.20
ಇದು ಯಾರಾದ್ರೂ ಚಿತ್ರ ಮಾಡ್ಬೇಕು. ತನ್ನದೇ ಅಕ್ಷರಕ್ಕೆ ಸುಣ್ಣ ಬಳಿಯುವ ಪೇಂಟರ್.

ಗೆರೆಗಾರ್ತಿ | ಮಂಗಳವಾರ 8.34
ನಾನು ಬರೆದಿಟ್ಟುಕೊಂಡೆ. ಸೊಲ್ಲಾಪುರದವರೇ, ಅನುಮತಿ ಉಂಟಾ?

ಸೊಲ್ಲಾಪುರ ಚಾದರ | ಮಂಗಳವಾರ 8.40
ತಗೀರಿ. ಪೇಂಟರ್‌ಗೆ ಟೊಪಗಿ ಹಾಕ್ರಿ, ಖುಷಿ ಆಗ್ತಾನ.

ತಾಳವಾಡಿ ತಂಬಿ | ಮಂಗಳವಾರ 12.30
ನಾವು ತಾಳವಾಡಿ, ತಮಿಳುನಾಡು. ಮನೇಲಿ ಕನ್ನಡ, ರೇಷನ್ ಕಾರ್ಡಲ್ಲಿ ತಮಿಳು. ವೇದಿಕೆ ವಿಚಾರ ಬಂತಲ್ಲ, ಹಳೇ ಕತೆ ಒಂದು. 1987ರಲ್ಲಿ ಆನಂದ ವಿಕಟನ್ ಅನ್ನೋ ತಮಿಳು ವಾರಪತ್ರಿಕೆ ಮುಖಪುಟದಲ್ಲಿ ಒಂದು ನಗೆಚಿತ್ರ ಬಂತು. ವೇದಿಕೆ ಮೇಲೆ ಇಬ್ಬರು. ಜೇಬುಗಳ್ಳನ ಥರ ಇರೋನು ಶಾಸಕ, ಮುಖ ಮುಚ್ಚಿಕೊಂಡ ದರೋಡೆಕೋರನ ಥರ ಇರೋನು ಮಂತ್ರಿ ಅನ್ನೋ ಜೋಕು. ಯಾರ ಹೆಸರೂ ಇಲ್ಲ, ಯಾರ ಮುಖಾನೂ ಅಲ್ಲ. ವಿಧಾನಸಭೆ ಸಂಪಾದಕರಿಗೆ ಮೂರು ತಿಂಗಳು ಜೈಲು ಅಂತ ಹೇಳ್ತು. ಗಲಾಟೆ ಆದ್ಮೇಲೆ ಬಿಟ್ರು ಅನ್ನಿ. ಅಂದ್ರೆ ಹಳೇ ನಿಬ್ಬು ಸರ್, ಮುಖ ಹೋಲೋದೇ ಬೇಕಾಗಿಲ್ಲ, ಹೋಲದೇ ಇದ್ರೂ ಎಲ್ರಿಗೂ ತಾಗುತ್ತೆ.

2017ರಲ್ಲಿ ಮುಖ ಹೋಲೋ ಹಂಗೇ ಬರೆದ ಬಾಲಾ ಅನ್ನೋರನ್ನ ಅರೆಸ್ಟ್ ಮಾಡಿದ್ರು, ತಿರುನೆಲ್ವೇಲಿ ಕಲೆಕ್ಟರ್ ಆಫೀಸಲ್ಲಿ ಒಂದು ಕುಟುಂಬ ಬೆಂಕಿ ಹಚ್ಚಿಕೊಂಡಿತ್ತಲ್ಲ, ಅದರ ಮೇಲೆ ಬರೆದಿದ್ದು. ಕಲೆಕ್ಟರ್ ಆಫೀಸು, ಅರ್ಜಿ, ಕಿಟಕಿ. ನಿಮ್ಮ ಅಜ್ಜಿ ನಿಂತಿರೋದೂ ಅದೇ ಕ್ಯೂನಲ್ಲಿ ಅಕ್ಕ.

ಜಯನಗರ ನಾಲ್ಕನೇ ಬ್ಲಾಕ್ | ಮಂಗಳವಾರ 1.15
ನೆಹರೂ ಕಾಲದಲ್ಲಿ ಹೀಗಿರಲಿಲ್ಲ. "ನನ್ನನ್ನೂ ಬಿಡಬೇಡ ಶಂಕರ್" ಅಂದಿದ್ರು. ಲಕ್ಷ್ಮಣ್ ರಾಷ್ಟ್ರಪತಿ ಬಾತ್‌ಟಬ್‌ನಲ್ಲಿ ಕೂತು ಸುಗ್ರೀವಾಜ್ಞೆಗೆ ಸಹಿ ಹಾಕೋ ಚಿತ್ರ ಬರೆದ್ರು, ಯಾರೂ ಏನೂ ಮಾಡ್ಲಿಲ್ಲ.

ಹಳೇ ನಿಬ್ಬು | ಮಂಗಳವಾರ 1.40
ಬಾತ್‌ಟಬ್ ಲಕ್ಷ್ಮಣ್‌ದಲ್ಲ, ಅಬು ಅಬ್ರಹಾಂ ಅವರದ್ದು. 1975ರ ಡಿಸೆಂಬರ್, ಇಂಡಿಯನ್ ಎಕ್ಸ್‌ಪ್ರೆಸ್. ಮತ್ತೆ ಆ ಶಂಕರ್ ಕಥೆಯನ್ನು ಯಾರೂ ಯಾವತ್ತೂ ಪೂರ್ತಿ ಹೇಳುವುದಿಲ್ಲ. ಕಾಯಂಕುಳಂನ ಶಂಕರ ಪಿಳ್ಳೆಯವರು 1948ರಲ್ಲಿ ಶುರು ಮಾಡಿದ ಶಂಕರ್ಸ್ ವೀಕ್ಲಿ 1975ರಲ್ಲಿ, ತುರ್ತು ಪರಿಸ್ಥಿತಿ ಬಂದ ವರ್ಷ, ಬಾಗಿಲು ಹಾಕಿತು. ಅದೇ ಶಂಕರ್ 1949ರಲ್ಲಿ ಬಿಡಿಸಿದ, ಸಂವಿಧಾನ ಬಸವನಹುಳು ಹಾಗೆ ಹೋಗ್ತಿದೆ ಅನ್ನುವ ಚಿತ್ರವನ್ನು 2012ರಲ್ಲಿ ಶಾಲೆಯ ಪಠ್ಯದಿಂದ ತೆಗೆಸಿದರು. ಬಿಡಿಸುವಾಗ ಆದ ಗಲಾಟೆಗಿಂತ ಅರವತ್ತು ವರ್ಷದ ಮೇಲೆ ಆದ ಗಲಾಟೆ ದೊಡ್ಡದು. (ಅಂಬೇಡ್ಕರ್ ಕೂತ ಹುಳುವಿಗೆ ಹಿಂದಿನಿಂದ ನೆಹರೂ ಚಾಟಿ ಬೀಸುವುದನ್ನು ಈಗ ನೋಡುವ ಕಣ್ಣಿಗೆ ನೋವಾಗ್ತದೆ ಅನ್ನುವುದೂ ಸುಳ್ಳಲ್ಲ. ಅದು ಬೇರೆ ಚರ್ಚೆ.)

ಅಡೂರು ಅಡಿಕೆ | ಮಂಗಳವಾರ 2.05
ಬೇರೆ ಚರ್ಚೆ ಅಂತ ಹೇಳಿ ಚರ್ಚೆ ಶುರು ಮಾಡುವುದು ಹಳೇ ನಿಬ್ಬಿನ ಹಳೇ ಚಟ.

ಮುಳ್ಳೇರಿಯ ಮೇಷ್ಟ್ರು | ಮಂಗಳವಾರ 4.30
ಕೇರಳವನ್ನೂ ಹೇಳಿಬಿಡುವಾ. 2019ರ ಜೂನ್‌ನಲ್ಲಿ ಲಲಿತಕಲಾ ಅಕಾಡೆಮಿ ಬಿಷಪ್ ಒಬ್ಬರ ಮೇಲಿನ ವ್ಯಂಗ್ಯಚಿತ್ರಕ್ಕೆ ಪ್ರಶಸ್ತಿ ಕೊಟ್ಟಿತು. ಚರ್ಚಿನವರು ಸಿಟ್ಟಾದರು, ಸರಕಾರ ಮರುಪರಿಶೀಲಿಸಿ ಅಂದಿತು. ಅಕಾಡೆಮಿ ತೀರ್ಪುಗಾರರ ಮಾತೇ ಕೊನೆ ಅಂತ ನಿಂತಿತು. ಇಲ್ಲಿ ವ್ಯಂಗ್ಯಚಿತ್ರಕ್ಕೆ ಬೇರು ಉಂಟು. 1919ರಲ್ಲೇ ಕೊಲ್ಲಂನ ವಿದೂಷಕನ್ ಪತ್ರಿಕೆಯಲ್ಲಿ ಕ್ಷಾಮದ ಮೇಲೆ ಚಿತ್ರ ಬಂದಿತ್ತು. ಶಾಲಾ ಕಲೋತ್ಸವದಲ್ಲಿ ಭರತನಾಟ್ಯ, ಮಾಪಿಳ್ಳಪಾಟ್ಟಿನ ಜೊತೆ ಕಾರ್ಟೂನೂ ಒಂದು ಐಟಂ. 2019ರಲ್ಲಿ ರಾಜ್ಯ ಕಲೋತ್ಸವ ಕಾಞಂಗಾಡಿನಲ್ಲಿ ಆದಾಗ ನಾನು ನಮ್ಮ ಶಾಲೆಯ ಕನ್ನಡ ಮಾಧ್ಯಮದ ಹುಡುಗಿಯೊಬ್ಬಳನ್ನು ನೋಡಲಿಕ್ಕೆ ಕರೆದುಕೊಂಡು ಹೋಗಿದ್ದೆ. ಊಟದ ಸಾಲು ನೋಡಿ ಅಲ್ಲೇ ನೋಟ್‌ಬುಕ್ಕಿನ ಹಿಂದೆ ಒಂದು ಚಿತ್ರ ಗೀಚಿದಳು: ಪಾಯಸದ ಸೌಟು ಹಿಡಿದವನ ಎದುರು ಎಲ್ಲರೂ ಭರತನಾಟ್ಯದ ಭಂಗಿಯಲ್ಲಿ ನಿಂತದ್ದು. ಈಗ ಅವಳು ನರ್ಸಿಂಗ್ ಓದ್ತಿದ್ದಾಳೆ.

ನೀರ್ಚಾಲು ನಿಲ್ದಾಣ | ಮಂಗಳವಾರ 4.41
ಗ್ರೇಸ್ ಮಾರ್ಕು ಸಿಕ್ಕಿದ ಮೇಲೆ ಯಾರೂ ಕಲೆ ಮುಂದುವರಿಸುವುದಿಲ್ಲ ಮಾಷೆ, ನನ್ನ ಮಗನೂ ಹಾಗೆ.

ಗೆರೆಗಾರ್ತಿ | ಮಂಗಳವಾರ ರಾತ್ರಿ 9.15
ಎಲ್ಲರೂ ದೊಡ್ಡ ದೊಡ್ಡ ಕಥೆ ಹೇಳಿದ್ರಿ. ನನ್ನದು ಚಿಕ್ಕದು, ಆದ್ರೆ ಇದು ಹೇಳದೆ ನಿಮಗೆ ನನ್ನ ತಲೆಬಿಸಿ ಅರ್ಥ ಆಗುವುದಿಲ್ಲ.

ನಾನು ಮೊದಲ ರಾಜಕೀಯ ಚಿತ್ರ ಬಿಡಿಸಿದ್ದು 2020ರ ಮಾರ್ಚ್ ಕೊನೆಗೆ. ಕೊರೋನಾ ಅಂತ ಕರ್ನಾಟಕದವರು ತಲಪಾಡಿ ಗಡಿಯಲ್ಲಿ ದಾರಿ ಮುಚ್ಚಿದ್ರು, ಒಳ ರಸ್ತೆಗಳಿಗೆ ಟಿಪ್ಪರಿನಲ್ಲಿ ಮಣ್ಣು ತಂದು ಸುರಿದ್ರು ನೆನಪುಂಟಲ್ಲ? ನಮಗೆ ಆಸ್ಪತ್ರೆ ಅಂದರೆ ಮಂಗಳೂರು. ನಮ್ಮ ದೊಡ್ಡಪ್ಪನ ಡಯಾಲಿಸಿಸ್ ಅಲ್ಲೇ ಆಗ್ತಿದ್ದದ್ದು. ಆ ವಾರ ರಾತ್ರಿ ನಿದ್ದೆ ಬಾರದೆ ಬಿಡಿಸಿದೆ. ಮಣ್ಣಿನ ಗುಡ್ಡೆ, ಈಚೆ ಆಂಬುಲೆನ್ಸ್, ಆಚೆ 'ಕನ್ನಡ ನಾಡಿಗೆ ಸ್ವಾಗತ' ಬೋರ್ಡು, ಗುಡ್ಡೆಯ ಮೇಲೆ ಒಂದು ಕನ್ನಡ ಬಾವುಟ ಊರಿದ್ದು. ಆಂಬುಲೆನ್ಸಿನ ಒಳಗಿಂದ ಒಂದು ಕೈ ಹೊರಗೆ ಬಂದು ಬಾವುಟಕ್ಕೆ ನಮಸ್ಕಾರ ಮಾಡ್ತಿದೆ.

ಆಚೆ ಕಡೆಯ ಒಂದು ಪತ್ರಿಕೆಗೆ ಕಳಿಸಿದೆ. "ಮೇಡಂ, ಇದು ಕೇರಳದ ದೃಷ್ಟಿಯಾಯಿತಲ್ಲ" ಅಂತ ಬಂತು ಉತ್ತರ. ಈಚೆ ಕಡೆಯ ಒಂದಕ್ಕೆ ಕಳಿಸಿದೆ. ಅವರು ತುಂಬ ಮರ್ಯಾದೆಯವರು, ಫೋನೇ ಮಾಡಿದ್ರು. ಬೋರ್ಡನ್ನು ಮಲಯಾಳದಲ್ಲಿ ಬರೆದು ಬಾವುಟ ತೆಗೆದ್ರೆ ಹಾಕ್ತೇವೆ ಅಂದ್ರು. ಬಾವುಟ ತೆಗೆದ್ರೆ ಅದು ಬರೀ ಟ್ರಾಫಿಕ್ ಜಾಮು. ಎರಡು ಕಡೆಯೂ ಬರಲಿಲ್ಲ. ದೊಡ್ಡಪ್ಪ ಜೂನ್‌ನಲ್ಲಿ ಹೋದ್ರು, ಮಣ್ಣಿನಿಂದಲೇ ಅಂತ ನಾನು ಹೇಳುವುದಿಲ್ಲ.

ಆಮೇಲೆ ನಾನು ಅಕ್ಷರ ಬಿಟ್ಟೆ. ನನ್ನ ಚಿತ್ರದಲ್ಲಿ ಅಕ್ಷರ ಇಲ್ಲ ಅಂತ ಹೊಗಳುವವರಿಗೆ ಗೊತ್ತಿರಲಿ, ಅದು ಶೈಲಿ ಅಲ್ಲ. ಮೊನ್ನೆಯ ಮೆಚ್ಚುಗೆಯ ಸುದ್ದಿ ಒಂದು ಕಡೆ 'ಮಲಯಾಳಿ ಕಲಾವಿದೆಗೆ ಗೌರವ' ಅಂತ ಬಂತು, ಇನ್ನೊಂದು ಕಡೆ 'ಹೊರನಾಡ ಕನ್ನಡತಿ'. ನಾನು ಮನೆಯಿಂದ ಹೊರಗೆ ಹೋಗದೆ ಒಂದೂವರೆ ತಿಂಗಳಾಗಿತ್ತು, ಕಾಲು ಉಳುಕಿ.

ಕುಂಬಳೆಯ ಕಾಗೆ | ಮಂಗಳವಾರ 9.40
ಆ ಆಂಬುಲೆನ್ಸಿನದ್ದು ಇಲ್ಲಿ ಹಾಕಿ ಅಕ್ಕ. ನಾವು ನೋಡ್ತೇವೆ.

ಜಯನಗರ ನಾಲ್ಕನೇ ಬ್ಲಾಕ್ | ಮಂಗಳವಾರ 10.05
ಮೇಡಂ, ನನಗೆ ಆಗ ಇದೆಲ್ಲ ಗೊತ್ತೇ ಆಗಲಿಲ್ಲ. ಗಡಿ ಬಂದ್ ಅಂತ ಓದಿ ಒಳ್ಳೇದಾಯ್ತು ಅಂದ್ಕೊಂಡಿದ್ದೆ. ನಾನೂ ಕೇಳ್ತೀನಿ, ಹಾಕಿ.

ಅಡೂರು ಅಡಿಕೆ | ಬುಧವಾರ 7.10
ಯಾರೂ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ನನ್ನ ಅಭಿಪ್ರಾಯ: ಹೋಗಬೇಡಿ. ಶಾಲು, ಹಾರ, ಹಣ್ಣಿನ ಬುಟ್ಟಿ, ಮೂರು ಗಂಟೆ ಭಾಷಣ. ಹಾರದ ಮೇಲೆ ಚಿತ್ರ ಬಿಡಿಸಿದವರು ಹಾರ ಹಾಕಿಸಿಕೊಂಡರೆ ಏನು ಚಂದ?

ನೀರ್ಚಾಲು ನಿಲ್ದಾಣ | ಬುಧವಾರ 7.30
ಹೋಗಿ. ಅದೇ ಚಿತ್ರ ತಕೊಂಡು ಹೋಗಿ. ತೆಯ್ಯದ ಚಿತ್ರ ಕೊಟ್ಟರೆ ತೆಯ್ಯಕ್ಕೂ ಅವಮಾನ. ಅದರಲ್ಲೂ ಪೊಟ್ಟನ್ ತೆಯ್ಯ ದೊಡ್ಡವರನ್ನು ಎದುರೇ ಪ್ರಶ್ನೆ ಕೇಳ್ತದೆ, ಅದಕ್ಕಿಂತ ದೊಡ್ಡ ಕಾರ್ಟೂನಿಸ್ಟ್ ಯಾರು?

ಹಳೇ ನಿಬ್ಬು | ಬುಧವಾರ 9.00
ನೀರ್ಚಾಲಿನವರು ಅಪರೂಪಕ್ಕೆ ಸರಿಯಾದ ಮಾತು ಹೇಳಿದ್ದಾರೆ. ಹೋಗಿ, ಅದೇ ಹಿಡ್ಕೊಂಡು ಹೋಗಿ. ಎ3 ಅಳತೆಗೆ ಪ್ರಿಂಟ್ ಹಾಕಿಸುವಾಗ ಗ್ಲಾಸಿ ಕಾಗದ ಬೇಡ, ವೇದಿಕೆಯ ಲೈಟಿಗೆ ಹೊಳೆದು ಏನೂ ಕಾಣುವುದಿಲ್ಲ. ಮ್ಯಾಟ್ ಹಾಕಿಸಿ.

ತಾಳವಾಡಿ ತಂಬಿ | ಬುಧವಾರ 9.20
ಮಾಯಾ ಕಾಮತ್ ಅಂತ ಇದ್ರು ಬೆಂಗಳೂರಲ್ಲಿ, 2001ರಲ್ಲಿ ತೀರಿಕೊಂಡ್ರು. ರಾಜಕೀಯ ಕಾರ್ಟೂನ್ ಬರೆಯೋ ಹೆಂಗಸರು ಬೆರಳೆಣಿಕೆ ಇದ್ದ ಕಾಲದಲ್ಲಿ ದಿನಪತ್ರಿಕೆಗೆ ಬರೆದೋರು. ಅವರ ಹೆಸರಲ್ಲೇ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯವರು ರಾಜಕೀಯ ವ್ಯಂಗ್ಯಚಿತ್ರ ಸ್ಪರ್ಧೆ ಮಾಡ್ತಾರೆ. ಮುಂದಿನ ಸಲ ಅದಕ್ಕೂ ಕಳಿಸಿ ಅಕ್ಕ.

ಸೊಲ್ಲಾಪುರ ಚಾದರ | ಬುಧವಾರ 9.45
ಹೋಗ್ರಿ ಅಕ್ಕಾರ. ಹಣ್ಣಿನ ಬುಟ್ಟಿ ಬಿಡಬ್ಯಾಡ್ರಿ.

ನೀರ್ಚಾಲು ನಿಲ್ದಾಣ | ಬುಧವಾರ 10.10
ವಿಷಯಾಂತರ: ಮಂಗಳೂರಿಗೆ ಹೋಗುವ ಎರಡೂ ರಾಜ್ಯದ ಬಸ್ಸಿಗೂ ಕೆಎಸ್‌ಆರ್‌ಟಿಸಿ ಅಂತಲೇ ಹೆಸರು, ಹೆಸರು ಯಾರದ್ದು ಅಂತ ಜಗಳವೂ ಆಯ್ತು. ಇದನ್ನು ಯಾರೂ ಕಾರ್ಟೂನ್ ಮಾಡಿಲ್ವಾ? ನಿನ್ನೆ ಎರಡೂ ಬರಲಿಲ್ಲ.

ಗೆರೆಗಾರ್ತಿ | ಆದಿತ್ಯವಾರ ರಾತ್ರಿ 10.50
ಹೋಗಿ ಬಂದೆ. ಅದೇ ಚಿತ್ರ, ಮ್ಯಾಟ್ ಕಾಗದ.

ಕ್ಲಬ್ಬಿನ ಕಾರ್ಯದರ್ಶಿ ಫ್ರೇಮ್ ನೋಡಿ ಬೆವರಿದ್ರು. ವೇದಿಕೆಯ ಹಿಂದೆ ಒರಗಿಸಿ ಇಡ್ತೇನೆ ಅಂದ್ರು. ಅಷ್ಟರಲ್ಲಿ ಅವರೇ ಬಂದ್ರು, ಸಮಯಕ್ಕೆ ಸರಿಯಾಗಿ, ಅದೇ ಒಂದು ಆಶ್ಚರ್ಯ. ಶಾಲು ಹೊದಿಸಿ, "ಎಲ್ಲಿ, ಚಿತ್ರ ತೋರ್ಸಿ" ಅಂದ್ರು. ಯಾರಿಗೂ ಇಲ್ಲ ಹೇಳಲಿಕ್ಕೆ ಬಾಯಿ ಬರಲಿಲ್ಲ. ನಾನೇ ಎತ್ತಿ ಹಿಡಿದೆ.

ಕನ್ನಡಕ ತೆಗೆದು ಒರೆಸಿ ಹಾಕಿ ನೋಡಿದ್ರು. ಅಜ್ಜಿಯನ್ನು ನೋಡಿದ್ರು, ಪೆನ್ನು ನೋಡಿದ್ರು, "ಹೌದು ಹೌದು, ಹೀಗೇ ಮಾಡ್ತಾರೆ" ಅಂದ್ರು. ಆಮೇಲೆ ಪಟ. ಹಾರ ಕಂಡದ್ದೇ ಚಪ್ಪಲಿ ಬಿಟ್ಟು ಬದಿಗೆ ಸರಿದು ಎರಡೂ ಕೈ ಜೋಡಿಸಿದ್ರು! ಹಿಂದೆ ಇದ್ದ, ಈಗ ಇಲ್ಲದ ಒಬ್ಬ ನಾಯಕರ ಹೆಸರು ಹೇಳಿ, ವಿರೋಧ ಪಕ್ಷದವರಾದ್ರೂ ದೊಡ್ಡ ಮನುಷ್ಯ, ಮುಖ ತದ್ರೂಪ ಬಂದಿದೆ ಅಂತ ಮೈಕಿನಲ್ಲಿಯೇ ಹೇಳಿದ್ರು. ಸಭೆ ಚಪ್ಪಾಳೆ. ಕಾರ್ಯದರ್ಶಿ ಎಲ್ಲರಿಗಿಂತ ಜೋರು ಚಪ್ಪಾಳೆ. ಒಂದು ಪ್ರತಿ ಅವರ ಆಫೀಸಿಗೆ ಬೇಕಂತೆ, ಗೋಡೆಗೆ.

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಮನೆಗೆ ಬಂದು ಅವರ ಫೋಟೋ, ನನ್ನ ಪಟ, ಎರಡನ್ನೂ ಅಕ್ಕಪಕ್ಕ ಇಟ್ಟು ಕೂತಿದ್ದೇನೆ. ಹೋಲುವುದಿಲ್ಲ ಮಾರಾಯ್ರೆ.

ಕುಂಬಳೆಯ ಕಾಗೆ | ಆದಿತ್ಯವಾರ 10.54
ತನಗೇ ತಾನು ಕೈ ಮುಗಿದ್ರಾ!! ಇದಕ್ಕೆ ಯಾವ ಬಹುಮಾನವೂ ಸಾಲದು.

ಅಡೂರು ಅಡಿಕೆ | ಆದಿತ್ಯವಾರ 11.00
ಗೊತ್ತಾಗಿಯೇ ನಾಟಕ ಆಡಿದ್ದು. ಇಷ್ಟು ವರ್ಷ ರಾಜಕೀಯದಲ್ಲಿ ಇದ್ದವರಿಗೆ ತನ್ನ ಮುಖ ಗೊತ್ತಾಗುವುದಿಲ್ವಾ?

ಮುಳ್ಳೇರಿಯ ಮೇಷ್ಟ್ರು | ಆದಿತ್ಯವಾರ 11.06
ಚಪ್ಪಲಿ ಬಿಟ್ಟರು ಅಂದಿದ್ದಾರಲ್ಲ. ನಾಟಕಕ್ಕೆ ಯಾರೂ ಅಷ್ಟು ಮಾಡುವುದಿಲ್ಲ.

ಅಡೂರು ಅಡಿಕೆ | ಆದಿತ್ಯವಾರ 11.08
ಮಾಷೆ, ನೀವು ಚುನಾವಣೆ ನೋಡಿದವರಲ್ವಾ?

ಸೊಲ್ಲಾಪುರ ಚಾದರ | ಆದಿತ್ಯವಾರ 11.15
ಹಣ್ಣಿನ ಬುಟ್ಟಿ?

ಗೆರೆಗಾರ್ತಿ | ಆದಿತ್ಯವಾರ 11.17
ಕೊಟ್ರು. ಒಳಗೆ ಅರ್ಧ ಕಾಗದ.

ಹಳೇ ನಿಬ್ಬು | ಆದಿತ್ಯವಾರ 11.30
ಫೋಟೋ ಎದುರಿಗೆ ಉಂಟಲ್ಲ? ಮೀಸೆಗೆ ಕೈ ಅಡ್ಡ ಇಡಿ. ಎಡಗಿವಿ ನೋಡಿ, ಹಾಲೆ ಕೆನ್ನೆಗೇ ಅಂಟಿಕೊಂಡಿದೆ, ಬಲದ್ದು ಗಾಳಿಪಟದ ಹಾಗೆ ಎದ್ದು ನಿಂತಿದೆ. ಅದರಿಂದ ಶುರು ಮಾಡಿ. ಗೋಡೆಗೆ ಕೊಡುವ ಪ್ರತಿಯಲ್ಲಿ ಕಿವಿ ಸರಿ ಮಾಡಿಯೇ ಕೊಡಿ.